ಬೇರೆ ಗಿಟಾರಿನ ನೆಕ್

ಬಸವಕಲ್ಯಾಣ
9 ಜೂನ್ 2024

ದಾದಾ, ಜೈಭೀಮ್.

ಮೊನ್ನೆ ಜೈಲಿನ ಮುಲಾಖತ್ತಿಗೆ ಬಂದಾಗ ಮಾತೇ ಆಗಲಿಲ್ಲ. ಗಾಜಿನ ಆ ಕಡೆ ನೀನು, ಈ ಕಡೆ ಅಳುವ ಅವ್ವ, ಪಕ್ಕದಲ್ಲಿ ಇನ್ನೊಂದು ಮನೆಯವರ ಕೂಗಾಟ. ಹೇಳಬೇಕೆಂದು ಬಂದದ್ದು ನನ್ನ ಬಾಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಜೈಲಿಗೆ ಬರುವ ಕಾಗದವನ್ನು ಒಡೆದು ಓದಿದ ಮೇಲೆಯೇ ಕೊಡುತ್ತಾರೆಂದು ವಕೀಲರು ಹೇಳಿದರು. ಓದಿದರೆ ಓದಲಿ.

ನಿನಗೆ ಜಾಮೀನು ಸಿಗಲಿಲ್ಲವೆಂದು ಗೊತ್ತಾದಾಗಿನಿಂದ ಅಪ್ಪ ಗೌಂಡಿ ಕೆಲಸಕ್ಕೆ ಒಂದು ದಿನ ಹೋದರೆ ಎರಡು ದಿನ ಮನೆಯಲ್ಲಿ ಕೂರುತ್ತಾರೆ. ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ವಾಸಿಯಿತ್ತು. ಬೈಯುವವರು ಓಣಿಯಲ್ಲಿ ಬೇಕಾದಷ್ಟು ಜನರಿದ್ದಾರೆ. ನಳದ ಹತ್ತಿರ ಕೊಡ ಇಟ್ಟು ನಿಂತರೆ ಕೇಳಿಸುವಂತೆಯೇ ಹೇಳುತ್ತಾರೆ: "ಹುಡುಗೀನ ಆರ್ಕೆಸ್ಟ್ರಾದಾಗ ಹಾಡಾಕ ಬಿಟ್ರು, ಅಣ್ಣ ಜೈಲಿಗಿ ಹೋದ." ಪಂಡರಿ ಕುಡಿದು ಮದುವೆಯ ಸ್ಟೇಜ್ ಹತ್ತಿ ನನ್ನ ಕೈ ಹಿಡಿದದ್ದು ಯಾರ ಬಾಯಲ್ಲೂ ಇಲ್ಲ. ನೀನು ಗಿಟಾರ್ ಎತ್ತಿ ಹೊಡೆದದ್ದು, ಅವನು ಆಸ್ಪತ್ರೆಯಲ್ಲಿ ಬಿದ್ದದ್ದು, ಅವನ ಒಂದು ಕಿವಿ ಕೇಳದಂತಾದದ್ದು, ಇಷ್ಟೇ ಕಥೆಯಾಗಿ ಉಳಿದಿದೆ. ಅಂದಿನಿಂದ ನಾನು ಹಾಡಿಲ್ಲ. ಅಪ್ಪ "ಸಾಕು" ಅಂದರು. ನನಗೂ ಸಾಕೆನಿಸಿತ್ತು.

ಈಗ ಹೇಳಬೇಕಾದದ್ದು. ನಿನ್ನ ಬೇಸ್ ಗಿಟಾರಿನ ಮುರಿದ ನೆಕ್ಕನ್ನು, ಆ ಉದ್ದ ಹಿಡಿಯನ್ನು, ಪೊಲೀಸರು ಸಾಕ್ಷಿಯ ಮುದ್ದೆಮಾಲು ಎಂದು ಸೀಲ್ ಮಾಡಿ ಒಯ್ದರಲ್ಲ, ಅದರ ಬಾಡಿ ಸ್ಟೇಜಿನ ಮೇಲೆಯೇ ಬಿದ್ದಿತ್ತು. ನಮ್ಮ ಆರ್ಕೆಸ್ಟ್ರಾದ ರಸೂಲ್ ಚಾಚಾ ಅದನ್ನು ಚಾದರದಲ್ಲಿ ಸುತ್ತಿ ತಂದು, ಮಾಣಿಕನಗರದ ದಾರಿಯಲ್ಲಿರುವ ತಮ್ಮ ಸೌಂಡ್ ಸಿಸ್ಟಮಿನ ಗೋದಾಮಿನಲ್ಲಿಟ್ಟಿದ್ದಾರೆ. ಹುಮನಾಬಾದಿನಲ್ಲಿ ಗುಳಿಗೆ ಕಾರ್ಖಾನೆಯ ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೇನೆ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಮುರಿದು ಸಿಕ್ಕಿಕೊಂಡಿದ್ದ ತುಂಡು ಕಳಚಿ ಬಂತು.

ಚಾಚಾ ಹೈದರಾಬಾದಿನ ಹಳೆಯ ಸಾಮಾನಿನ ಬಜಾರಿನಲ್ಲಿ ಒಂದು ನೆಕ್ ಹುಡುಕಿ ತಂದಿದ್ದಾರೆ. ನಿನ್ನದಕ್ಕಿಂತ ಗಿಡ್ಡ. ಬೆರಳಿಡುವ ಅಡ್ಡಪಟ್ಟಿಗಳು, ಫ್ರೆಟ್ಟುಗಳು, ಹತ್ತಿರ ಹತ್ತಿರ ಇವೆ. ಗಿಟಾರಿಗೆ ಸೇರುವ ತುದಿಯೂ ಸಣ್ಣದು, ನಮ್ಮ ಬಾಡಿಯ ಗುಂಡಿಯಲ್ಲಿಟ್ಟರೆ ಎರಡೂ ಕಡೆ ಸಂದು ಉಳಿಯುತ್ತದೆ. ಇದನ್ನು ಕೂರಿಸಲು ಆಗುತ್ತದೆಯೇ? ನಾನೇ ಮಾಡಬೇಕೆಂದಿದ್ದೇನೆ. ನಾನೇ ಬಾರಿಸಬೇಕೆಂದೂ ಇದ್ದೇನೆ. ನೀನು ಮನೆಯಲ್ಲಿ ಕಲಿಸಿದ್ದು ಇನ್ನೂ ಕೈಯಲ್ಲಿದೆ.

ಉತ್ತರ ಬರೆ.

ನಿನ್ನ ತಂಗಿ
ಆಮ್ರಪಾಲಿ


ಜಿಲ್ಲಾ ಕಾರಾಗೃಹ, ಬೀದರ್
27 ಜೂನ್ 2024

ಪಾಲಿ, ಜೈಭೀಮ್.

ಬೇಡ. ಅದು ಹೊಂದುವುದಿಲ್ಲ. ಚಾಚಾನಿಗೆ ಸ್ಪೀಕರು ಗೊತ್ತು, ಕೀಬೋರ್ಡು ಗೊತ್ತು, ಗಿಟಾರ್ ಗೊತ್ತಿಲ್ಲ.

ನೀನು ಬರೆದದ್ದನ್ನು ನೋಡಿದರೆ ಅದು ಸಣ್ಣ ಅಳತೆಯ ಬೇಸಿನ ನೆಕ್. ನನ್ನ ಗಿಟಾರಿನ ತಂತಿ ಮೂವತ್ತನಾಲ್ಕು ಇಂಚಿನದು, ಅದು ಮೂವತ್ತರದ್ದು. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಇರಬೇಕು. ಮೇಲ್ತುದಿಯಿಂದ ಅಲ್ಲಿಗೆ ಎಷ್ಟು ಉದ್ದವೋ ಅಲ್ಲಿಂದ ಕೆಳಗೆ ತಂತಿ ಕಟ್ಟುವ ಬ್ರಿಡ್ಜಿಗೂ ಅಷ್ಟೇ ಇರಬೇಕು. ನೆಕ್ ಗಿಡ್ಡವಾದರೆ ಬ್ರಿಡ್ಜನ್ನೂ ಕಿತ್ತು ಮುಂದಕ್ಕೆ ತರಬೇಕು. ತರದಿದ್ದರೆ ಬೆರಳಿಡದೆ ಮೀಟಿದಾಗ ತಂತಿ ಸರಿಯಾಗಿ ನುಡಿಯುತ್ತದೆ, ಬೆರಳಿಟ್ಟು ಮೇಲಕ್ಕೆ ಹೋದಹಾಗೆಲ್ಲ ಅಪಸ್ವರ. ಕೇಳುವವರಿಗೆ ಏನು ತಪ್ಪಿದೆಯೆಂದು ತಿಳಿಯುವುದಿಲ್ಲ, ಹಾಡುವವರು ಮಾತ್ರ ಒದ್ದಾಡುತ್ತಾರೆ.

ಇಲ್ಲಿಯ ವಿಷಯ ಏನು ಬರೆಯಲಿ. ಬ್ಯಾರಕ್ಕಿನಲ್ಲಿ ಒಬ್ಬರಿಗೊಬ್ಬರು ತಾಗಿಕೊಂಡೇ ಮಲಗುತ್ತೇವೆ. ಪಕ್ಕದವನು ಹೊರಳಿದರೆ ನಾನೂ ಹೊರಳಬೇಕು, ನಾನು ಹೊರಳಿದರೆ ಆಚೆಯವನು. ಮೊದಲು ಬೈದಾಡುತ್ತಿದ್ದೆವು. ಈಗ ನಿದ್ದೆಯಲ್ಲೇ ಎಲ್ಲರೂ ಒಟ್ಟಿಗೆ ಹೊರಳುತ್ತೇವೆ. ಅದನ್ನು ಕಂಡೇ ನನಗೆ ಹೆದರಿಕೆಯಾಗುತ್ತದೆ. ಬೆರಳ ತುದಿಯ ಗಟ್ಟಿ ಚರ್ಮ ಸುಲಿದುಹೋಯಿತು. ಎಂಟು ವರ್ಷ ಬಾರಿಸಿ ಗಟ್ಟಿಯಾಗಿತ್ತು, ನಾಲ್ಕು ತಿಂಗಳಲ್ಲಿ ಕೂಸಿನ ಬೆರಳಿನಂತಾಗಿದೆ.

ಗಿಟಾರನ್ನು ಸುತ್ತಿಟ್ಟಲ್ಲೇ ಬಿಡು. ಕೇಳದೆ ಮಾಡಿಯೇ ತೀರುತ್ತೇನೆಂದರೆ, ಮೊದಲು ಹನ್ನೆರಡನೆಯ ಫ್ರೆಟ್ಟಿನಿಂದ ಅಳೆ. ನೆಕ್ಕಿನ ಹಳೆಯ ತೂತುಗಳು ನಮ್ಮ ಬಾಡಿಯ ತೂತಿಗೆ ಸರಿಹೋಗುವುದಿಲ್ಲ. ಅವುಗಳಲ್ಲಿ ಕಟ್ಟಿಗೆಯ ಬೆಣೆ ಹೊಡೆದು, ಅಂಟು ಹಾಕಿ, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಎಷ್ಟು ಆಳಕ್ಕೆ ಬೇಕೋ ಅಷ್ಟಕ್ಕೆ ಡ್ರಿಲ್ಲಿನ ಕಡ್ಡಿಗೆ ಟೇಪ್ ಸುತ್ತಿಕೊ. ಇಲ್ಲದಿದ್ದರೆ ತೂತು ಮುಂಭಾಗಕ್ಕೆ ಬಂದುಬಿಡುತ್ತದೆ.

ಅವ್ವನಿಗೆ ಅಳಬೇಡ ಅಂತ ಹೇಳು.

ಕುನಾಲ


ಹುಮನಾಬಾದ್
4 ಆಗಸ್ಟ್ 2024

ದಾದಾ,

ನೀನು ಬೇಡ ಅಂದು ಎರಡು ಸಾಲು ಬರೆದೆ, ಹೇಗೆ ಮಾಡಬೇಕೆಂದು ಇಪ್ಪತ್ತು ಸಾಲು ಬರೆದೆ. ನಾನು ಆ ಇಪ್ಪತ್ತು ಸಾಲಿನ ಮಾತು ಕೇಳಿದೆ.

ಅಳೆದು ನೋಡಿದೆ. ನೀನಂದದ್ದು ಸರಿ, ಮೂವತ್ತು ಇಂಚಿನದೇ. ಬ್ರಿಡ್ಜನ್ನು ಒಂದೂಕಾಲು ಇಂಚಿನಷ್ಟು ಮುಂದಕ್ಕೆ ತರಬೇಕು. ಅದಕ್ಕೂ ಮೊದಲು ನೆಕ್ ಗಟ್ಟಿಯಾಗಿ ಕೂರಬೇಕಲ್ಲ. ಸಂದಿಗೆ ತೆಳ್ಳನೆಯ ಸಾಗವಾನಿ ಪಟ್ಟಿ ಅಂಟಿಸಿ, ಅರದಿಂದ ಉಜ್ಜಿ, ಇಟ್ಟು ನೋಡಿ, ತೆಗೆದು ಮತ್ತೆ ಉಜ್ಜಿ, ಮತ್ತೆ ಇಟ್ಟು ನೋಡಿದೆ. ಕೊನೆಗೆ ಬಾಡಿಯನ್ನು ಕೆಳಮುಖ ಮಾಡಿ ಹಿಡಿದರೂ ನೆಕ್ ಬೀಳಲಿಲ್ಲ. ಸ್ಕ್ರೂ ಇಲ್ಲದೆಯೇ ಅಷ್ಟು ಬಿಗಿಯಾಗಿ ಕೂತಿತ್ತು. ಆ ದಿನ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದೆ, ಕಾಲು ನೋಯಲಿಲ್ಲ.

ಮರುದಿನವೇ ಕೆಡಿಸಿದೆ. ತೂತು ಕೊರೆಯುವಾಗ ಕೈ ಓರೆಯಾಯಿತು. ಸ್ಕ್ರೂ ಬಿಗಿದು, ಮೇಲಿನಿಂದ ಕೆಳಗಿನವರೆಗೆ ದಾರ ಹಿಡಿದು ನೋಡಿದರೆ ನೆಕ್ ಒಂದು ಪಕ್ಕಕ್ಕೆ ವಾಲಿತ್ತು. ದಪ್ಪ ತಂತಿ ಅಂಚಿನಿಂದ ಹೊರಗೇ ಬೀಳುತ್ತಿತ್ತು. ನನಗೆ ಅಳು ಬಂತು. ಚಾಚಾ ನೋಡಿ, "ಹೋಗ್ಲಿ ಬಿಡು ಬೇಟಿ, ತುಂಬಿಸಿ ಮತ್ತ ಕೊರಿ. ಕಟ್ಟಿಗಿ ಒಂದೆರಡು ಸಲ ಮಾಫ್ ಮಾಡ್ತದ. ಮೂರನೇ ಸಲ ಮಾಡಂಗಿಲ್ಲ" ಅಂದರು. ಮತ್ತೆ ಬೆಣೆ ಹೊಡೆದು, ಒಣಗಲು ಬಿಟ್ಟಿದ್ದೇನೆ.

ಇನ್ನೊಂದು ಸಂಗತಿ. ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಗಿಟಾರಿನ ಮಾತಾಡಿದೆ. ಕಳೆದ ಭಾನುವಾರ ಪಂಡರಿಯ ಅಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದಿದ್ದ. ಅಪ್ಪ ಚಾಪೆ ಹಾಕಿದರು, ಅವ್ವ ಚಹಾ ಮಾಡಿದಳು. ಅವನು ಅಪ್ಪನನ್ನೇ ನೋಡುತ್ತ ಹೇಳಿದ: "ಮಚ್ಚೇಂದ್ರಪ್ಪ, ಇಬ್ರಿಗೂ ಛಲೋ ಆಗೋ ಮಾತು ಅದ. ಪಂಡರಿ ನನ್ನ ಕೈ ಹಿಡಿದಿಲ್ಲ, ಹಾಡಿನ ಚೀಟಿ ಕೊಡಾಕ ಬಂದಿದ್ದ ಅಂತ ನಿಮ್ಮ ಹುಡುಗಿ ಬರದು ಕೊಡ್ಲಿ. ನಾವೂ ನೂಕಾಟದಾಗ ಸ್ಟೇಜಿನಿಂದ ಬಿದ್ದು ತಲಿಗಿ ಪೆಟ್ಟಾತು ಅಂತ ಹೇಳ್ತೀವಿ. ನಿಮ್ಮ ಹುಡುಗ ಹೊರಗ ಬರ್ತಾನ."

ಅಪ್ಪ ನನ್ನ ಕಡೆ ನೋಡಲಿಲ್ಲ. "ವಿಚಾರ ಮಾಡಿ ಹೇಳ್ತೀವ್ರಿ" ಅಂದರು. ಅವರು ಹೋದ ಮೇಲೆ ಅವ್ವ ಚಹಾದ ಬಸಿಗಳನ್ನು ತೊಳೆಯುತ್ತಲೇ ಇದ್ದಳು.

ನೀನು ಏನನ್ನುತ್ತೀಯ?

ಆಮ್ರಪಾಲಿ


ಕಾರಾಗೃಹ, ಬೀದರ್
25 ಆಗಸ್ಟ್ 2024

ಪಾಲಿ,

ವಕೀಲರು ಬಂದಿದ್ದರು. ಎಲ್ಲ ಹೇಳಿದರು. ಬರೆದುಕೊಡು.

ನಿನಗೆ ಇದು ಹೇಗಾಗುತ್ತದೆಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ನೀನು ಹೊರಗಿದ್ದೀಯ. ಬೆಳಿಗ್ಗೆ ಎದ್ದು ಬಾಗಿಲು ತೆಗೆಯುತ್ತೀಯ, ಬಸ್ಸು ಹತ್ತುತ್ತೀಯ. ನಾನು ಬಾಗಿಲನ್ನು ಕೈಯಿಂದ ತೆಗೆದು ಆರು ತಿಂಗಳಾಯಿತು. ಬೇರೆ ಯಾರೋ ತೆಗೆಯುತ್ತಾರೆ, ಯಾರೋ ಹಾಕುತ್ತಾರೆ. ಊಟಕ್ಕೆ ಸಾಲು, ನೀರಿಗೆ ಸಾಲು. ಕೇಸು ನಡೆಯಲು ಎಷ್ಟು ವರ್ಷವೋ ಯಾರಿಗೂ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಮಲಗುವ ಜಲಾಲುದ್ದೀನ್ ಮೂರು ವರ್ಷದಿಂದ ತಾರೀಖಿಗೆ ಕಾಯುತ್ತಿದ್ದಾನೆ. ಅವನ ಮಗಳು ಅವನನ್ನು ಗುರುತಿಸುವುದಿಲ್ಲವಂತೆ.

ಅವನು ಕೈ ಹಿಡಿದದ್ದು ನಿನಗೆ ಗೊತ್ತು, ನನಗೆ ಗೊತ್ತು. ಕಾಗದದಲ್ಲಿ ಇಲ್ಲ ಅಂತ ಬರೆದರೆ ಏನು ಹೋಗುತ್ತದೆ? ಒಂದು ಸಹಿ.

ನಾನು ನಿನಗಾಗಿ ತಾನೇ ಇಲ್ಲಿರುವುದು?

ಕುನಾಲ


ಬಸವಕಲ್ಯಾಣ
15 ಸೆಪ್ಟೆಂಬರ್ 2024

ದಾದಾ,

ನಿನ್ನ ಕಾಗದವನ್ನು ಅಪ್ಪ ಓದಿದರು, ಅವ್ವನಿಗೂ ಓದಿ ಹೇಳಿದರು. ಮೂರು ವಾರದಿಂದ ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

ನಾನು ಬರೆದುಕೊಡುವುದಿಲ್ಲ.

ನನಗಾಗಿ ಎಂದು ಬರೆದಿದ್ದೀಯ. ಹಾಗಾದರೆ ಅಂದು ಆದದ್ದನ್ನು ನಾನು ಕಂಡಂತೆ ಒಮ್ಮೆ ಬರೆಯುತ್ತೇನೆ. ಯಾರು ಓದಿದರೂ ಓದಲಿ. ನಾನು ಹಾಡುತ್ತಿದ್ದೆ. ಪಂಡರಿ ಹತ್ತಿ ಬಂದು ಮೈಕ್ ಹಿಡಿದಿದ್ದ ನನ್ನ ಕೈಯನ್ನೇ ಹಿಡಿದ. ನಾನು "ಬಿಡ್ರಿ" ಅಂದದ್ದು ಮೈಕಿನಲ್ಲಿ ಇಡೀ ಪೆಂಡಾಲಿಗೆ ಕೇಳಿಸಿತು. ಜನ ನಕ್ಕರು. ಅವನು ಬಿಡಲಿಲ್ಲ. ನೀನು ಗಿಟಾರ್ ಕಳಚಿ, ಕೊಡಲಿಯಂತೆ ಹಿಡಿದು ಅವನ ಹೆಗಲಿಗೆ ಹೊಡೆದೆ. ಬುಡದಲ್ಲೇ ನೆಕ್ ಮುರಿಯಿತು, ಬಾಡಿ ಕೆಳಗೆ ಬಿತ್ತು. ಅವನು ನನ್ನ ಕೈ ಬಿಟ್ಟ. ಹೆಗಲು ಹಿಡಿದುಕೊಂಡು ಇಳಿಯಲು ತಿರುಗಿದ. ನಾನು "ದಾದಾ, ಸಾಕು" ಅಂದೆ. ನೀನು ನನ್ನನ್ನು ನೋಡಿದೆ. ನೋಡಿ, ಕೈಯಲ್ಲಿ ಉಳಿದಿದ್ದ ನೆಕ್ಕಿನಿಂದ, ಕಬ್ಬಿಣದ ಬಿರಡೆಗಳಿರುವ ಆ ತುದಿಯಿಂದ, ಅವನ ಕಿವಿಯ ಹಿಂದೆ ಹೊಡೆದೆ.

ಮೊದಲನೆಯ ಏಟು ನನಗಾಗಿ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎರಡನೆಯದು ನನಗಾಗಿ ಅಲ್ಲ ದಾದಾ. ನಾನು ಸಾಕು ಅಂದಿದ್ದೆ.

ಅವನ ಕಡೆಯವರು ಕೈ ಹಿಡಿದದ್ದೇ ಸುಳ್ಳು ಅನ್ನಲು ನೋಡುತ್ತಾರೆ. ನಮ್ಮ ವಕೀಲರು ಎರಡನೆಯ ಏಟು ಇಲ್ಲವೇ ಇಲ್ಲ, ಅವನೇ ಬಿದ್ದ ಅನ್ನಲು ನೋಡುತ್ತಾರೆ. ಇಬ್ಬರೂ ಕೂಡಿ ನನ್ನನ್ನು ಆ ಸ್ಟೇಜಿನಿಂದಲೇ ಅಳಿಸುತ್ತಾರೆ. ಅಂದು ಅಲ್ಲಿ ಏನೂ ಆಗಿರಲಿಲ್ಲವೆಂದು ನಾನೇ ಸಹಿ ಮಾಡಿದರೆ, ನಾಳೆಯಿಂದ ನಳದ ಹತ್ತಿರ ನಿಂತು ಯಾವ ಮುಖದಿಂದ ನೀರು ತುಂಬಲಿ? ಕೋರ್ಟಿನಲ್ಲಿ ಕೇಳಿದರೆ ಕೈ ಹಿಡಿದದ್ದನ್ನೂ ಹೇಳುತ್ತೇನೆ, ಎರಡೂ ಏಟನ್ನೂ ಹೇಳುತ್ತೇನೆ. ನೀನು ಇಲ್ಲಿಗೆ ಬೇಗ ಬರಲಿ ಎಂದು ನನಗೆಷ್ಟು ಆಸೆಯಿದೆಯೆಂದು ಈ ಕಾಗದದಲ್ಲಿ ಬರೆದರೆ ನೀನು ನಂಬುವುದಿಲ್ಲ.

ಆಮ್ರಪಾಲಿ


ಹುಮನಾಬಾದ್
2 ಡಿಸೆಂಬರ್ 2024

ದಾದಾ,

ನಿನ್ನಿಂದ ಕಾಗದವಿಲ್ಲ. ದೀಪಾವಳಿಗೆ ಮೊದಲು ಮುಲಾಖತ್ತಿಗೆ ಬಂದಿದ್ದೆ. ಚೀಟಿ ಒಳಗೆ ಹೋಗಿ ವಾಪಸ್ ಬಂತು. "ಭೇಟಿ ಬ್ಯಾಡ ಅಂದಾನಮ್ಮ" ಅಂದರು. ಹೊರಗೆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ವಾಪಸ್ ಬಂದೆ. ಅವ್ವನಿಗೆ, ಇವತ್ತು ಭೇಟಿ ಬಂದ್ ಇತ್ತು ಅಂದೆ.

ಮನೆಯಲ್ಲಿ ಅಪ್ಪ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಾನು ಉಂಡು ಎದ್ದ ಮೇಲೆ ಉಣ್ಣುತ್ತಾರೆ. ಮುಡಬಿಯಿಂದ ನನ್ನನ್ನು ನೋಡಲು ಬರುವವರಿದ್ದರು. ಕೇಸಿನ ಸುದ್ದಿ ಕೇಳಿ ಬರಲಿಲ್ಲ. ಕಾರ್ಖಾನೆಯಲ್ಲಿ ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಕಣ್ಣು ಮಾತ್ರ ಕಾಣುತ್ತದೆ. ಕಿಟಕಿಯಿಲ್ಲದ ಆ ಹಾಲಿನಲ್ಲಿ ಗುಳಿಗೆಯ ಪಟ್ಟಿಗಳು ಬರುತ್ತಲೇ ಇರುತ್ತವೆ. ಅಲ್ಲಿ ನಾನು ಯಾರೆಂದು ಯಾರೂ ಕೇಳುವುದಿಲ್ಲ. ಒಮ್ಮೊಮ್ಮೆ ಅಲ್ಲಿಯೇ ಹಾಯೆನಿಸುತ್ತದೆ, ಆಮೇಲೆ ಹಾಗೆನಿಸಿದ್ದಕ್ಕೆ ಹೆದರಿಕೆಯಾಗುತ್ತದೆ.

ನೀನು ಓದುತ್ತೀಯೋ ಹರಿಯುತ್ತೀಯೋ ಗೊತ್ತಿಲ್ಲ. ಗಿಟಾರಿನದಷ್ಟೇ ಬರೆಯುತ್ತೇನೆ.

ನೆಕ್ ಈಗ ನೆಟ್ಟಗೆ ಕೂತಿದೆ. ಎರಡನೆಯ ಸಲ ಕೊರೆಯುವಾಗ ಚಾಚಾ ಗಿಟಾರನ್ನು ಒತ್ತಿ ಹಿಡಿದರು, ನಾನು ಉಸಿರು ಹಿಡಿದಿದ್ದೆ. ಬ್ರಿಡ್ಜನ್ನು ಕಿತ್ತು ಮುಂದಕ್ಕೆ ತಂದು ಕೂರಿಸಿದೆ. ಅದು ಮೊದಲಿದ್ದ ಜಾಗದಲ್ಲಿ ಐದು ತೂತು, ಬಿಳಿಚಿದ ಒಂದು ಚೌಕ ಉಳಿದಿವೆ. ಮುಚ್ಚುವ ಗೋಜಿಗೆ ಹೋಗಿಲ್ಲ. ತಂತಿ ಎತ್ತರವಾಗಿ ನಿಂತು ಬೆರಳಿಗೆ ಸಿಗುತ್ತಿರಲಿಲ್ಲ. ನೆಕ್ಕಿನ ಬುಡದಲ್ಲಿ ಗುಳಿಗೆ ಡಬ್ಬಿಯ ರಟ್ಟನ್ನು ಕತ್ತರಿಸಿಟ್ಟೆ. ನೆಕ್ ಕೂದಲೆಳೆಯಷ್ಟು ಹಿಂದಕ್ಕೆ ವಾಲಿ, ತಂತಿ ಇಳಿಯಿತು. ಹನ್ನೆರಡನೆಯ ಫ್ರೆಟ್ಟಿನಲ್ಲಿ ಬೆರಳಿಟ್ಟರೆ ಸ್ವರ ಸರಿಯಾಗಿದೆ.

ಆದರೆ ಆಂಪ್ಲಿಫೈಯರಿಗೆ ಹಚ್ಚಿದರೆ ಗುಂಯ್ ಎಂದು ಒಂದೇ ಸಮನೆ ಸದ್ದು ಮಾಡುತ್ತದೆ. ಬಾರಿಸಿದರೂ ಇದೆ, ಬಿಟ್ಟರೂ ಇದೆ. ಚಾಚಾ ವೈರುಗಳನ್ನೆಲ್ಲ ಬದಲಿಸಿ ನೋಡಿದರು. ಹೋಗಲಿಲ್ಲ. "ಇದರಾಗ ಜಿನ್ ಹೊಕ್ಕದ" ಅಂತ ನಕ್ಕು ಕೈಬಿಟ್ಟರು. ನಾನು ದಿನಾ ಹೋಗಿ ಅದನ್ನೇ ಕೇಳುತ್ತ ಕೂರುತ್ತೇನೆ.

ಆಮ್ರಪಾಲಿ


ಕಾರಾಗೃಹ, ಬೀದರ್
5 ಮಾರ್ಚ್ 2025

ಬ್ರಿಡ್ಜಿನ ಅಡಿಯಲ್ಲಿ ಒಂದು ಸಣ್ಣ ವೈರು ಇತ್ತು. ಬ್ರಿಡ್ಜನ್ನು ಸರಿಸುವಾಗ ಅದು ಹಳೆಯ ಜಾಗದಲ್ಲೇ ಉಳಿದಿದೆ. ಬಿಳಿಚಿದ ಚೌಕದಲ್ಲಿ ಹುಡುಕು. ಎಳೆದು ಹೊಸ ಜಾಗಕ್ಕೆ ತಂದು ಬ್ರಿಡ್ಜಿನ ತಗಡಿಗೆ ತಾಗುವಂತೆ ಇಟ್ಟು ಸ್ಕ್ರೂ ಬಿಗಿ. ಗುಂಯ್ ಸದ್ದು ನಿಲ್ಲುತ್ತದೆ.

ಕುನಾಲ


ಬಸವಕಲ್ಯಾಣ
20 ಏಪ್ರಿಲ್ 2025

ದಾದಾ, ಜೈಭೀಮ್.

ನಿಂತಿತು.

ನೀನು ಅಷ್ಟೇ ಬರೆದೆ. ಆದರೂ ನಾನು ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಡಿಸೆಂಬರಿನ ನನ್ನ ಕಾಗದವನ್ನು ನೀನು ಹರಿದಿಲ್ಲ, ಬಿಳಿಚಿದ ಚೌಕವೂ ನೆನಪಿದೆ. ನನಗೆ ಅಷ್ಟು ಸಾಕಾಗಿತ್ತು.

ಈ ಸಲ ಭೀಮಜಯಂತಿಯ ಕಾರ್ಯಕ್ರಮದಲ್ಲಿ ನಾನು ಬೇಸ್ ಬಾರಿಸಿದೆ. ಅಪ್ಪನಿಗೆ ಹೇಳಿರಲಿಲ್ಲ. ಹಾಡಿದವಳು ರತ್ನಮಾಲಾ, ಬೀದರಿನಿಂದ ಬಂದ ಹುಡುಗಿ. ನಾನು ಹಿಂದೆ, ಡ್ರಮ್ಮಿನ ಪಕ್ಕದಲ್ಲಿ. ಗಿಡ್ಡ ನೆಕ್ ಆದ್ದರಿಂದ ನನ್ನ ಬೆರಳಿಗೆ ಎಲ್ಲವೂ ಎಟಕುತ್ತಿತ್ತು. ನಿನ್ನ ಉದ್ದ ನೆಕ್ಕಿನಲ್ಲಿ ನನಗೆ ಎಂದೂ ಎಟಕಿರಲಿಲ್ಲ. ಆದರೆ ತೀರ ಮೇಲಿನ ಫ್ರೆಟ್ಟುಗಳಲ್ಲಿ ಸ್ವರ ಇನ್ನೂ ಒಂದಿಷ್ಟು ಕೊಂಕು. ಅಲ್ಲಿಗೆ ಹೋಗದೆ ಬಾರಿಸಿದೆ. ಮೂರನೆಯ ಹಾಡಿನ ಹೊತ್ತಿಗೆ ಹಲಗೆಯಿಂದ ಕಾಲಿಗೆ ದಮ್ ದಮ್ ಎಂದು ಹತ್ತಿ ಬರುವುದು ನಾನು ಬಾರಿಸಿದ್ದೇ ಎಂದು ನಂಬಿಕೆ ಬಂತು.

ಒಬ್ಬ ಹುಡುಗ ಫೋಟೋ ತೆಗೆಯಲು ಸ್ಟೇಜಿನ ಮೆಟ್ಟಿಲು ಹತ್ತಿದ. ಸುಮ್ಮನೆ ಫೋಟೋಕ್ಕೆ. ನನ್ನ ಕೈ ನಿಂತೇಹೋಯಿತು. ಎರಡು ಸಾಲು ಬೇಸ್ ಇಲ್ಲದೆ ಹಾಡು ಸಾಗಿತು. ಚಾಚಾ ಕೀಬೋರ್ಡಿನಿಂದ ಒಂದು ಸಲ ತಿರುಗಿ ನೋಡಿ, ಆ ಸಾಲುಗಳನ್ನು ತಾವೇ ತುಂಬಿದರು. ಆಮೇಲೆ ನಾನು ಕೂಡಿಕೊಂಡೆ.

ಅಪ್ಪ ಬಂದಿದ್ದರು. ದೊಡ್ಡ ಸ್ಪೀಕರಿನ ಹಿಂದೆ, ಯಾರಿಗೂ ಕಾಣದಂತೆ ನಿಂತಿದ್ದರಂತೆ. ಮನೆಗೆ ಬಂದ ಮೇಲೆ ಅವ್ವನಿಗೆ ಅಂದದ್ದು ಒಳಗಿದ್ದ ನನಗೆ ಕೇಳಿಸಿತು: "ಕುನಾಲನಂಗೇ ತಲಿ ಬಗ್ಗಿಸಿ ಬಾರಸ್ತಾಳ." ನನ್ನೊಂದಿಗೆ ಇನ್ನೂ ಮಾತಾಡಿಲ್ಲ.

ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. ನೀನು ಒಳಗಿರುವುದರಿಂದ ಕೇಸು ಬೇಗ ತೆಗೆದುಕೊಂಡಿದ್ದಾರಂತೆ. ವಕೀಲರು ಮನೆಗೆ ಬಂದು ಹೇಗೆ ಹೇಳಬೇಕೆಂದು ತಿಳಿಸಿದರು. ನಾನು ಕೇಳಿಸಿಕೊಂಡೆ. ಹಾಗೆ ಹೇಳುತ್ತೇನೆಂದು ಮಾತ್ರ ಒಪ್ಪಲಿಲ್ಲ. ನನ್ನ ಮನಸ್ಸು ಬದಲಾಗಿಲ್ಲ ದಾದಾ. ನೀನು ಕೋರ್ಟಿನಲ್ಲೇ ಮೊದಲ ಸಲ ಕೇಳುವುದು ಬೇಡವೆಂದು ಈಗಲೇ ಬರೆಯುತ್ತಿದ್ದೇನೆ.

ನಿನ್ನ
ಆಮ್ರಪಾಲಿ


ಬಸವಕಲ್ಯಾಣ
14 ಆಗಸ್ಟ್ 2025

ದಾದಾ,

ಕೋರ್ಟಿನಲ್ಲಿ ಆದದ್ದನ್ನು ನೀನೂ ಕೇಳಿದ್ದೀಯ. ನಿನಗೆ ಕಾಣದೆ ಹೋದದ್ದನ್ನು ಬರೆಯುತ್ತೇನೆ.

ಬಟ್ಟೆಯ ಗಂಟಿನ ಅರಗು ಒಡೆದು ನಿನ್ನ ನೆಕ್ಕನ್ನು ನನ್ನ ಮುಂದಿಟ್ಟರು. ನೀನು ನಿಂತಿದ್ದ ಕಡೆಗೆ ಪೊಲೀಸಿನವರ ಬೆನ್ನಿತ್ತು. ಎರಡು ತಂತಿ ಇನ್ನೂ ಬಿರಡೆಗೆ ಸುತ್ತಿಕೊಂಡೇ ಇದ್ದವು, ಸುರುಳಿಯಾಗಿ. ನಿನ್ನ ಬೆರಳಿನಿಂದ ಸವೆದು ಹೊಳೆಯುವ ಜಾಗ ಹಾಗೆಯೇ ಇತ್ತು. "ಇದೇ ಏನಮ್ಮ?" ಅಂತ ಕೇಳಿದರು. ಹೌದು ಅನ್ನಲು ನನಗೆ ಧ್ವನಿ ಬರಲಿಲ್ಲ. ನ್ಯಾಯಾಧೀಶರು "ಜೋರಾಗಿ ಹೇಳಮ್ಮ" ಅಂದದ್ದು ಆಗ. ಹೆದರಿ ಸುಮ್ಮನಾದೆನೆಂದು ನೀನು ತಿಳಿದಿರಬಹುದು. ಹೆದರಿರಲಿಲ್ಲ. ಅದನ್ನು ಮುಟ್ಟಬೇಕೆನಿಸಿ ಕೈಯನ್ನು ಹಿಡಿದುಕೊಂಡಿದ್ದೆ.

ಪಂಡರಿ ಚೀಟಿ ಕೊಡಲು ಬಂದಿದ್ದನೇ ಅಂತ ಸರ್ಕಾರಿ ವಕೀಲರು ಕೇಳಿದಾಗ ನಾನು ಅವನನ್ನೇ ನೋಡಿ, "ಇಲ್ರಿ. ಕೈ ಹಿಡಿದಿದ್ದ. ಬಿಡ್ರಿ ಅಂದೆ, ಬಿಡ್ಲಿಲ್ಲ" ಅಂದೆ. ಅವನು ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತಿದ್ದ. ಆಮೇಲೆ ನಮ್ಮ ವಕೀಲರು ಎದ್ದು, ನೀನು ಹೊಡೆಯುವಾಗಲೆಲ್ಲ ಅವನು ನನ್ನ ಕೈ ಹಿಡಿದೇ ಇದ್ದನಲ್ಲವೇ ಅಂದರು. ಹೌದು ಅಂದರೆ ಸಾಕಿತ್ತು. ಅಷ್ಟು ಸಣ್ಣ ಮಾತು. ನಿನ್ನ ಕಡೆ ನೋಡಿದೆ. ನೀನು ನೆಲ ನೋಡುತ್ತಿದ್ದೆ. "ಇಲ್ರಿ. ಎರಡನೇ ಸಲ ಹೊಡಿಯೂ ಮುಂಚೆ ಬಿಟ್ಟಿದ್ದ" ಅಂದೆ.

ಹೊರಗೆ ಬೇವಿನ ಗಿಡದ ಕೆಳಗೆ ಅವ್ವ ಕೂತಿದ್ದಳು. "ಎರಡನೇ ಸಲ ಹೊಡದದ್ದು ಖರೇ ಏನ?" ಅಂದಳು.

"ಖರೇ ಅವ್ವ."

ಬಾಟಲಿಯಿಂದ ನೀರು ಕುಡಿದಳು. ಆಮೇಲೆ, "ಅಂವ ನಿನ್ನ ಕೈ ಹಿಡಿದದ್ದು ಬರಕೊಂಡ್ರೇನು?" ಅಂದಳು.

"ಬರಕೊಂಡ್ರು."

"ಹಂಗಾದ್ರ ನಡಿ, ಬಸ್ ಹೋಗ್ತದ."

ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳು. ಊರು ಬರುವವರೆಗೂ ಏಳಲಿಲ್ಲ. ನಿನಗೆ ಎಷ್ಟು ವರ್ಷವಾಗುತ್ತದೋ ಎಂದು ನಾನು ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತಿದ್ದೆ. ನನ್ನ ಬಾಯಿಂದಲೇ ಆಯಿತೆಂದು ನೀನಂದರೆ, ಅದನ್ನೂ ಕೇಳಿಸಿಕೊಳ್ಳುತ್ತೇನೆ.

ಆಮ್ರಪಾಲಿ


ಕಾರಾಗೃಹ, ಬೀದರ್
23 ನವೆಂಬರ್ 2025

ಪಾಲಿ, ಜೈಭೀಮ್.

ತೀರ್ಪು ಬಂದದ್ದು ಮನೆಯಲ್ಲಿ ತಿಳಿದಿರುತ್ತದೆ. ನಾಲ್ಕು ವರ್ಷ. ಒಳಗೆ ಕಳೆದದ್ದನ್ನು ಅದರಲ್ಲೇ ಹಿಡಿಯುತ್ತಾರೆ. ಕೊಲೆಯ ಯತ್ನವೆನ್ನುವುದು ನಿಲ್ಲಲಿಲ್ಲ, ಭಾರಿ ಗಾಯ ಮಾಡಿದ್ದು ನಿಂತಿತು. ತಂಗಿಯ ಕೈ ಹಿಡಿದು ಕೆಣಕಿದ್ದರಿಂದ ಆರೋಪಿ ಹೊಡೆದನೆಂದು ಅದರಲ್ಲಿ ಬರೆದಿದ್ದಾರೆ. ನಿನ್ನ ಕೈ ಹಿಡಿದದ್ದರ ಮೇಲೆ ಪಂಡರಿಗೂ ಬೇರೆ ಕೇಸು ನಡೆಯುತ್ತದಂತೆ. ನೀನು ಮತ್ತೆ ಆ ಮೆಟ್ಟಿಲು ಹತ್ತಬೇಕಾಗುತ್ತದೆ. ಮನಸ್ಸು ಗಟ್ಟಿ ಮಾಡಿಕೊ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಬೆಳಿಗ್ಗೆ ಎಣಿಕೆಗೆ ಸಾಲಾಗಿ ಕೂತಾಗ, ಆಕೆ ಒಂದು ಹೌದು ಅಂದಿದ್ದರೆ ಎಂದು ಉರಿಯುತ್ತದೆ. ಚಳಿಗಾಲ ಶುರುವಾಗಿದೆ, ನೆಲ ಕೊರೆಯುತ್ತದೆ. ಜಲಾಲುದ್ದೀನ್ ಬಿಡುಗಡೆಯಾಗಿ ಹೋದ. ಅವನ ಜಾಗಕ್ಕೆ ಬಂದವನು ಹೊರಳುವುದನ್ನು ಇನ್ನೂ ಕಲಿತಿಲ್ಲ, ಯಾರಿಗೂ ನಿದ್ದೆಯಿಲ್ಲ. ಇನ್ನೂ ಎರಡು ವರ್ಷದ ಮೇಲಿದೆ. ಹೇಗೆ ಕಳೆಯುವುದೆಂದು ನನಗೆ ತಿಳಿಯದು.

ಆದರೆ ಅಂದು ಕೋರ್ಟಿನಲ್ಲಿ ನಾನು ನೆಲ ನೋಡುತ್ತಿದ್ದದ್ದು ಸಿಟ್ಟಿನಿಂದ ಅಲ್ಲ. ನೀನು ಸಾಕು ಅಂದದ್ದು ನನಗೆ ಅಂದೂ ಕೇಳಿಸಿತ್ತು. ಕೇಳಿಸಿಲ್ಲವೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಪೆಂಡಾಲಿನಲ್ಲಿ ಅಷ್ಟು ಜನ ನಕ್ಕಿದ್ದರಲ್ಲ, ಆ ನಗು ನಿಲ್ಲಲಿ ಎಂದು ಹೊಡೆದೆ.

ನಿನ್ನೆ ವಕೀಲರು ಅಪೀಲಿನ ಕಾಗದ ತಂದಿದ್ದರು. ಜೊತೆಗೆ ಅಪ್ಪನೂ ಬಂದಿದ್ದರು. ವಕೀಲರು ಕಾಗದ ಓದಿ ಹೇಳಿದರು. ತಂಗಿಗೂ ಅಣ್ಣನಿಗೂ ಮನೆಯಲ್ಲಿ ವೈಮನಸ್ಸಿತ್ತು, ಅವಳು ಹಾಡುವುದು ಅಣ್ಣನಿಗೆ ಸೇರುತ್ತಿರಲಿಲ್ಲ, ಆ ಹಗೆಯಿಂದ ಎರಡನೆಯ ಏಟಿನ ಸುಳ್ಳು ಹೇಳಿದ್ದಾಳೆ ಎಂದು ಬರೆದಿತ್ತು. "ಹಿಂಗ ಬರದ್ರನ ಅಪೀಲ್ ನಿಲ್ತದ" ಅಂದರು. ಹೀಗಾದರೆ ಬೇಸಿಗೆಯೊಳಗೆ ಹೊರಗೆ ಬರಬಹುದಂತೆ. ಗಾಜಿನ ಕೆಳಗಿನ ಸಂದಿನಿಂದ ಕಾಗದ, ಪೆನ್ನು ಎರಡನ್ನೂ ಒಳಗೆ ದಬ್ಬಿದರು.

ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಪೆನ್ನು ತೆಗೆದುಕೊಂಡೆ, ಪಾಲಿ. ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಆಮೇಲೆ ಅಂದೆ: "ಆಕಿ ಹೇಳಿದ್ದು ಖರೇ ಅದರಿ. ಬ್ಯಾರೆ ಏನರ ಬರ್ಕೊಂಡು ಬರ್ರಿ, ಸಹಿ ಮಾಡ್ತೀನಿ. ಇದಕ್ಕ ಮಾಡಂಗಿಲ್ಲ."

"ಬ್ಯಾರೆ ಏನೂ ಇಲ್ಲಪಾ," ಅಂದರು ವಕೀಲರು.

"ಹಂಗಾದ್ರ ಇರ್ಲಿ ಬಿಡ್ರಿ," ಅಂದವರು ಅಪ್ಪ.

ಕಾಗದವನ್ನು ಸಂದಿನಿಂದ ಹೊರಗೆ ದಬ್ಬಿದೆ. ಭೇಟಿಯ ಹೊತ್ತು ಮುಗಿದಿತ್ತು.

ನಿನ್ನ ಅಣ್ಣ
ಕುನಾಲ